ಶಸ್ತ್ರಚಿಕಿತ್ಸೆ, ಸತ್ಯ ಮತ್ತು ಕ್ಷಮೆ

ಪ್ರಜ್ಞೆ ತಪ್ಪಿಸುವ ಔಷಧಕ್ಕೆ ಕನ್ನಡದಲ್ಲಿ ಅರಿವಳಿಕೆ ಎಂಬ ಹೆಸರಿದೆ. ಅರಿವನ್ನು ಉಳಿಸಿಕೊಳ್ಳಬೇಕು, ಬೆಳೆಸಿಕೊಳ್ಳಬೇಕು ಎಂದು ಹೇಳುತ್ತ ಬಂದಿರುವ ನಮ್ಮಂಥವರಿಗೆ ಈ ಪದವು ಕಿವಿಗೆ ಬಿದ್ದಾಗಲೆಲ್ಲ ಒಂದು ಯೋಚನೆ ಬರುವುದುಂಟು. ಮನುಷ್ಯನು ತನ್ನ ಅರಿವನ್ನು ತಾನಾಗಿಯೇ ಅಳಿಸಿಕೊಂಡು, ತನ್ನ ದೇಹವನ್ನು ನಿನ್ನೆ ಮೊನ್ನೆಯವರೆಗೆ ಪರಿಚಯವೇ ಇಲ್ಲದ ಇನ್ನೊಬ್ಬ ಮನುಷ್ಯನ ಕೈಯ ಶಸ್ತ್ರಕ್ಕೆ ಒಪ್ಪಿಸುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಸಾಲ ಕೊಡುವಾಗ ನಾವು ಪತ್ರ ಬರೆಸಿಕೊಳ್ಳುತ್ತೇವೆ. ಹೆಣ್ಣು ಕೊಡುವಾಗ ಮನೆತನವನ್ನು ವಿಚಾರಿಸುತ್ತೇವೆ. ಒಂದು ಜೊತೆ ಎತ್ತು ಕೊಳ್ಳುವಾಗಲೂ ಸುಳಿ ನೋಡುತ್ತೇವೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವಾಗ ಮಾತ್ರ ಕೇವಲ ನಂಬಿ ಮಲಗುತ್ತೇವೆ. ಹಾಗೆ ಮಲಗಿದವನು ಎಚ್ಚರಗೊಂಡಾಗ ದೇಹವು ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರೆ, ಒಳಗೆ ಏನಾಯಿತು ಎಂದು ಕೇಳುವುದಕ್ಕೆ ಅವನಿಗೆ ಹಕ್ಕುಂಟೆ? ಹೇಳುವ ಹೊಣೆ ಯಾರದು? ಯಾರೂ ಹೇಳದಿದ್ದಾಗ ಅವನು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಧರ್ಮವೋ, ಅಥವಾ ಬಂದದ್ದನ್ನು ಸಹಿಸಿ ಸುಮ್ಮನಿರುವುದು ಧರ್ಮವೋ?

ಈ ಪ್ರಶ್ನೆಗಳು ನಮಗೆ ಗ್ರಂಥಗಳಿಂದ ಹುಟ್ಟಲಿಲ್ಲ. ನಾವೇ ಕೊಟ್ಟ ಒಂದು ಸಲಹೆಯಿಂದ ಹುಟ್ಟಿದವು. ಆ ಸಲಹೆ ತಪ್ಪಾಗಿತ್ತೆಂದು ಇಂದು ನಮಗೆ ತೋರುತ್ತದೆ. ಆದುದರಿಂದ ಅದನ್ನು ಮೊದಲು ವಾಚಕರ ಮುಂದಿಡುವುದು ಯುಕ್ತ.

ಏಳೆಂಟು ವರ್ಷಗಳ ಹಿಂದೆ ಯಲಹಂಕದ ಆಚೆಯ ಒಂದು ಹಳ್ಳಿಯ ಗೃಹಸ್ಥರು ಪತ್ನಿಯನ್ನೂ ಮಗನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹಳ್ಳಿಯೆಂಬುದು ಈಗ ಹೆಸರಿಗೆ ಮಾತ್ರ. ದ್ರಾಕ್ಷಿಯ ಚಪ್ಪರಗಳಿದ್ದ ಕಡೆ ಬಡಾವಣೆಗಳೆದ್ದಿವೆ. ಆ ತಾಯಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ ಪಿತ್ತಕೋಶವನ್ನು ತೆಗೆಯುವ ಲ್ಯಾಪರೊಸ್ಕೋಪಿ ಎಂಬ ವಿಧಾನದಿಂದ ಚಿಕಿತ್ಸೆಯಾಯಿತು. ಮೂರನೆಯ ದಿನ ಮನೆಗೆ ಕಳುಹಿಸಿದರು. ಮನೆಯಲ್ಲಿ ಹೊಟ್ಟೆ ಉಬ್ಬಿತು, ನೋವು ಹೆಚ್ಚಿತು, ಕಣ್ಣು ಹಳದಿಯಾದವು. ಎರಡು ಸಲ ಅದೇ ಆಸ್ಪತ್ರೆಗೆ ಹೋದರು. ಎರಡು ಸಲವೂ ವಾಯುವೆಂದು ಹೇಳಿ ಮಾತ್ರೆ ಕೊಟ್ಟು ಕಳುಹಿಸಿದರು. ಕಡೆಗೆ ಬೇರೊಂದು ದೊಡ್ಡ ಆಸ್ಪತ್ರೆಯಲ್ಲಿ ನೋಡಿದಾಗ, ಪಿತ್ತಕೋಶವನ್ನು ತೆಗೆಯುವ ಹೊತ್ತಿನಲ್ಲಿ ಪಿತ್ತರಸವನ್ನು ಕರುಳಿಗೆ ಒಯ್ಯುವ ಮುಖ್ಯನಾಳಕ್ಕೇ ಗಾಯವಾಗಿರುವುದು ಗೊತ್ತಾಯಿತು. ಮತ್ತೆ ಹೊಟ್ಟೆಯನ್ನು ತೆರೆದು, ನಾಳವನ್ನು ಕರುಳಿಗೆ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ಆಸ್ಪತ್ರೆವಾಸ. ಮಗಳ ಹೆಸರಿಗೆಂದು ಇಟ್ಟುಕೊಂಡಿದ್ದ ಒಂದು ಸೈಟು ಮಾರಿಹೋಯಿತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮಗನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದ. ತಂದೆಗೆ ಮನಸ್ಸಿರಲಿಲ್ಲ. “ಬುದ್ಧೀ, ತಾವು ಹೇಗೆ ಅಪ್ಪಣೆ ಕೊಡಿಸಿದರೆ ಹಾಗೆ” ಎಂದರು. ನಾವು ಹೆಚ್ಚು ಯೋಚಿಸಲಿಲ್ಲ. “ಜೀವ ಉಳಿಯಿತಲ್ಲ, ಅದೇ ದೊಡ್ಡದು. ಬಂದದ್ದು ಬಂದುಹೋಯಿತು. ಕೋರ್ಟು ಕಚೇರಿ ಅಲೆದು ಇನ್ನಷ್ಟು ಕಳೆದುಕೊಳ್ಳಬೇಡಿ. ಕರ್ಮವೆಂದು ತಿಳಿದು ಕ್ಷಮಿಸಿಬಿಡಿ” ಎಂದೆವು. ತಂದೆ ತಾಯಿ ನಮಸ್ಕರಿಸಿ ಎದ್ದರು. ಮಗ ನಮಸ್ಕರಿಸಿದ, ಆದರೆ ನಮ್ಮ ಮುಖವನ್ನು ನೋಡಲಿಲ್ಲ.

ಮೂರು ವರ್ಷ ಕಳೆದ ಮೇಲೆ ಕಾರ್ತಿಕದ ಒಂದು ಸೋಮವಾರ ಆ ತಾಯಿ ಒಬ್ಬರೇ ಬಂದರು. ಜನರೆಲ್ಲ ಹೋಗುವವರೆಗೆ ಕಂಬದ ಬಳಿ ಕುಳಿತಿದ್ದು, ಅನಂತರ ಹತ್ತಿರ ಬಂದು, “ಬುದ್ಧೀ, ನನ್ನದೊಂದು ತಪ್ಪಾಗಿದೆ, ಯಾರ ಹತ್ತಿರವೂ ಹೇಳಿಲ್ಲ” ಎಂದರು. ಶಸ್ತ್ರಚಿಕಿತ್ಸೆಯ ದಿನ ಬೆಳಗಿನಿಂದ ಒಂದು ತೊಟ್ಟು ನೀರನ್ನೂ ಕುಡಿಯಬಾರದೆಂದು ದಾದಿ ಹೇಳಿದ್ದಳಂತೆ. ಗಂಟಲೊಣಗಿ ತಾಳಲಾರದೆ ಇವರು ಬಚ್ಚಲಿನ ನಲ್ಲಿಯಿಂದ ಎರಡು ಗುಟುಕು ನೀರು ಕುಡಿದಿದ್ದರು. ಅದರಿಂದಲೇ ಒಳಗೆಲ್ಲ ಕೆಟ್ಟಿತು, ಅದರಿಂದಲೇ ಮಗಳ ಸೈಟು ಹೋಯಿತು, ಗಂಡನಿಗೆ ಸಾಲವಾಯಿತು ಎಂದು ಆ ತಾಯಿ ಮೂರು ವರ್ಷ ತನ್ನೊಳಗೇ ಬೇಯುತ್ತಿದ್ದರು. ನಾವು ‘ಕರ್ಮ’ ಎಂದು ಹೇಳಿದ ಮಾತನ್ನು ಆಕೆ ಆ ಎರಡು ಗುಟುಕು ನೀರೆಂದು ಅರ್ಥಮಾಡಿಕೊಂಡಿದ್ದರು.

ನಮಗೆ ಆಗ ಆದ ಸಂಕಟವನ್ನು ಬರೆದು ತಿಳಿಸಲಾರೆವು. ಯಶವಂತಪುರದ ಕಡೆಯಿಂದ ಆಗಾಗ ಬರುವ ಹಿರಿಯ ಶಸ್ತ್ರವೈದ್ಯರೊಬ್ಬರನ್ನು ಕರೆಸಿ, ಆ ಕುಟುಂಬದಲ್ಲಿದ್ದ ಕಾಗದಪತ್ರಗಳನ್ನೆಲ್ಲ ತರಿಸಿ ಓದಿಸಿದೆವು. ಅವರು ಮೊದಲು ಹೇಳಿದ್ದು ನೀರಿನ ಮಾತು: “ತಾಯಿ, ನೀರು ಕುಡಿದರೆ ಅರಿವಳಿಕೆಯ ವೇಳೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಭಯವಿರುತ್ತದೆ, ಅದಕ್ಕಾಗಿ ಬೇಡವೆನ್ನುತ್ತೇವೆ. ಪಿತ್ತನಾಳಕ್ಕೂ ಆ ನೀರಿಗೂ ಸಂಬಂಧವೇ ಇಲ್ಲ.” ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು.

ವೈದ್ಯರು ಮುಂದುವರಿದು ಹೇಳಿದ್ದು ಈ ಲೇಖನದ ತಿರುಳಾಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಪಿತ್ತಕೋಶವು ಊದಿಕೊಂಡಿದ್ದಾಗ ಅದರ ಸಣ್ಣ ನಾಳವೂ ಮುಖ್ಯನಾಳವೂ ಒಂದಕ್ಕೊಂದು ಅಂಟಿಕೊಂಡು ಒಂದೇ ಬಗೆಯಾಗಿ ಕಾಣುತ್ತವೆ. 1985ರಲ್ಲಿ ಜರ್ಮನಿಯಲ್ಲಿ ಮೊದಲಾದ ಈ ವಿಧಾನದಲ್ಲಿ, ನುರಿತ ಕೈಗಳಲ್ಲೂ ಸಾವಿರಕ್ಕೆ ಮೂರು ನಾಲ್ಕು ಮಂದಿಗೆ ಇಂಥ ಗಾಯವಾಗುವುದುಂಟು. “ನನ್ನ ಕೈಯಿಂದಲೂ ಒಮ್ಮೆ ಆಗಿದೆ, ಬುದ್ಧೀ. ಆ ರೋಗಿಯ ಮುಖ ಇವತ್ತಿಗೂ ಮರೆತಿಲ್ಲ” ಎಂದರು. ಆಮೇಲೆ ಮತ್ತೊಂದು ಹಾಳೆಯನ್ನು ಮುಂದಿಟ್ಟರು. ಎರಡನೆಯ ಸಲ ಆಸ್ಪತ್ರೆಗೆ ಹೋದಾಗಲೇ ಕಣ್ಣು ಹಳದಿಯಾಗಿರುವುದನ್ನು ಅಲ್ಲಿಯವರೇ ಬರೆದುಕೊಂಡಿದ್ದರು. ಆದರೂ ರಕ್ತಪರೀಕ್ಷೆ ಮಾಡಿಸಲಿಲ್ಲ, ಸ್ಕ್ಯಾನ್ ಮಾಡಿಸಲಿಲ್ಲ. “ನಾಳ ಕತ್ತರಿಸಿಹೋದದ್ದು ಯಾರಿಗಾದರೂ ಆಗಬಹುದಾದದ್ದು. ಕಣ್ಣು ಹಳದಿಯಾಗಿದೆಯೆಂದು ಬರೆದೂ ಮನೆಗೆ ಕಳುಹಿಸಿದ್ದು ಆಗಬಾರದಾಗಿತ್ತು.” ಈ ಎರಡು ವಾಕ್ಯಗಳನ್ನು ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಗಿರಲಿಲ್ಲ. ಮೂರು ವರ್ಷ ಆ ಮನೆಯವರಿಗೆ ಯಾರೂ ಅದನ್ನು ಹೇಳಿರಲಿಲ್ಲ. ಹೇಳಿಸಬೇಕೆಂದು ನಮಗೂ ತೋಚಿರಲಿಲ್ಲ.

ವೈದ್ಯರು ಮಾಡಿದ ಈ ವಿಂಗಡಣೆ ನಮ್ಮ ನಾಡಿಗೆ ಹೊಸದಲ್ಲ. ಆಯುರ್ವೇದದಲ್ಲಿ ಉಪದ್ರವವೆಂಬ ಮಾತಿದೆ. ರೋಗವನ್ನು ಹಿಂಬಾಲಿಸಿ ಬರುವ ತೊಡಕಿಗೆ ಆ ಹೆಸರು. ಅದು ಯಾರ ದೋಷವನ್ನೂ ಸೂಚಿಸುವ ಪದವಲ್ಲ. ಪ್ರಮಾದವೆಂಬುದು ಬೇರೆ, ಎಚ್ಚರವಾಗಿರಬೇಕಾದವನು ಎಚ್ಚರ ತಪ್ಪುವುದು ಅದು. ಸುಶ್ರುತನು ಶಿಷ್ಯನಿಗೆ ನೇರವಾಗಿ ಮನುಷ್ಯದೇಹದ ಮೇಲೆ ಶಸ್ತ್ರ ಹಿಡಿಯಲು ಬಿಡುವುದಿಲ್ಲ. ಕುಂಬಳ, ಸೋರೆ, ಸೌತೆಗಳಂಥ ಕಾಯಿಗಳನ್ನು ಕೊಯ್ದು, ನೀರು ತುಂಬಿದ ಚರ್ಮದ ಚೀಲಗಳನ್ನು ಸೀಳಿ ಕೈ ಪಳಗಿಸಿಕೊಳ್ಳಬೇಕೆಂದು ಅದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮೂತ್ರಾಶಯದ ಕಲ್ಲನ್ನು ತೆಗೆಯುವ ಸಂದರ್ಭದಲ್ಲಿ, ಶಸ್ತ್ರವನ್ನು ಬಳಸದಿದ್ದರೆ ಸಾವು ಖಂಡಿತ, ಬಳಸಿದರೂ ಬದುಕುವುದು ಸಂದೇಹ ಎಂಬುದನ್ನು ಮೊದಲೇ ತಿಳಿಸಿ, ಅರಸನ ಅನುಮತಿಯನ್ನು ಪಡೆದು ಕೈಹಾಕಬೇಕೆಂಬುದು ಅವನ ವಿಧಿ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಇನ್ನೂ ಸ್ಪಷ್ಟ. ಪ್ರಾಣಾಪಾಯದ ರೋಗವನ್ನು ತಿಳಿಸದೆ ಚಿಕಿತ್ಸೆ ಮಾಡಿ ರೋಗಿ ಸತ್ತರೆ ಒಂದು ದಂಡ. ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಅದಕ್ಕಿಂತ ಹೆಚ್ಚಿನ ದಂಡ. ತಪ್ಪಿಗಿರುವಂತೆಯೇ ತಿಳಿಸದಿರುವುದಕ್ಕೂ ಅಲ್ಲಿ ಬೇರೆಯಾಗಿ ದಂಡವಿರುವುದನ್ನು ವಾಚಕರು ಗಮನಿಸಬೇಕು. ಇದರ ಮುಂದೆ, ರೋಗಿ ಸತ್ತರೆ ವೈದ್ಯನ ಕೈಯನ್ನೇ ಕಡಿಯಬೇಕೆಂದ ಬಾಬಿಲೋನಿನ ಹಮ್ಮುರಬಿಯ ಶಾಸನ ಬಹಳ ಒರಟಾಗಿ ಕಾಣುತ್ತದೆ. ಅದರಲ್ಲಿಯೂ ಸತ್ತವನು ಗುಲಾಮನಾದರೆ ಕೈ ಕಡಿಯಬೇಕಾಗಿಲ್ಲ, ಇನ್ನೊಬ್ಬ ಗುಲಾಮನನ್ನು ಕೊಟ್ಟರೆ ಸಾಕು!

ಇಂದಿನ ಕಾನೂನೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬಂದು ನಿಂತಿದೆ. 1957ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಬೋಲಮ್ ಪ್ರಕರಣವು, ಅದೇ ವಿದ್ಯೆಯಲ್ಲಿ ಪರಿಣತರಾದ ಜವಾಬ್ದಾರಿಯುತ ವೈದ್ಯರ ಒಂದು ವರ್ಗವು ಒಪ್ಪುವ ರೀತಿಯಲ್ಲಿ ನಡೆದುಕೊಂಡ ವೈದ್ಯನನ್ನು ನಿರ್ಲಕ್ಷ್ಯದ ಅಪರಾಧಿಯೆನ್ನಲಾಗದೆಂದು ಹೇಳಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘವು ಕಕ್ಷಿಯಾಗಿದ್ದ ಪ್ರಕರಣದಲ್ಲಿ, ಹಣ ಪಡೆದು ಕೊಡುವ ಚಿಕಿತ್ಸೆಯು 1986ರ ಗ್ರಾಹಕ ರಕ್ಷಣಾ ಕಾಯಿದೆಯ ‘ಸೇವೆ’ಯ ವ್ಯಾಪ್ತಿಗೆ ಬರುತ್ತದೆಂದು ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಅದು ಹೊರಗಿಟ್ಟಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ, ಉಚಿತ ರೋಗಿಗೂ ದೂರುವ ಹಕ್ಕಿದೆಯೆಂದಿತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ವೈದ್ಯನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಬೇಕಾದರೆ ನಿರ್ಲಕ್ಷ್ಯವು ಘೋರವಾಗಿರಬೇಕು, ಬೇರೊಬ್ಬ ಸಮರ್ಥ ವೈದ್ಯನ ಅಭಿಪ್ರಾಯವೂ ಇರಬೇಕು ಎಂದು ಕಟ್ಟುಮಾಡಿತು. ಆ ಪ್ರಕರಣದ ಮೂಲ ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟದ ತೊಂದರೆಯಲ್ಲಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರು ಖಾಲಿಯಾಗಿದ್ದದ್ದು. ವೈದ್ಯರು ಜೈಲಿಗೆ ಹೋಗಬೇಕಾಗಿಲ್ಲವೆಂದು ನ್ಯಾಯಾಲಯ ಹೇಳಿದ್ದು ಸರಿಯೇ ಇರಬಹುದು. ಆದರೆ ಸಿಲಿಂಡರನ್ನು ಯಾರು ನೋಡಬೇಕಾಗಿತ್ತೆಂಬ ಪ್ರಶ್ನೆಯನ್ನು ಓದುಗನ ಮನಸ್ಸು ಬಿಡುವುದಿಲ್ಲ. 2024ರ ಜುಲೈನಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ನಿರ್ಲಕ್ಷ್ಯದಿಂದ ಸಂಭವಿಸುವ ಮರಣಕ್ಕೆ ಇತರರಿಗೆ ಐದು ವರ್ಷದವರೆಗೆ, ಚಿಕಿತ್ಸೆಯಲ್ಲಿ ತೊಡಗಿದ ನೋಂದಾಯಿತ ವೈದ್ಯನಿಗೆ ಎರಡು ವರ್ಷದವರೆಗೆ ಶಿಕ್ಷೆಯೆಂದು ಭೇದ ಮಾಡಿದೆ.

ಹೀಗೆ ಕಾನೂನು ಉಪದ್ರವಕ್ಕೂ ಪ್ರಮಾದಕ್ಕೂ ನಡುವೆ ಗೆರೆ ಎಳೆಯಬಲ್ಲದು. ಅದು ಎಷ್ಟು ಕಾಲ ತೆಗೆದುಕೊಳ್ಳುತ್ತದೆ, ಎಷ್ಟು ಸವೆಸುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. 2003ರಲ್ಲಿ ಇಲ್ಲಿಯ ಮಣಿಪಾಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಒಬ್ಬರಿಗೆ, ಅರಿವಳಿಕೆಗಾಗಿ ಗಂಟಲಿನೊಳಕ್ಕೆ ಇಳಿಸಿದ ಕೊಳವೆಯಿಂದ ಎಡ ಧ್ವನಿತಂತು ಚಲನೆ ಕಳೆದುಕೊಂಡು ಸ್ವರ ಒಡೆದುಹೋಯಿತು. ಹಿರಿಯ ತಜ್ಞರು ಮಾಡಬೇಕಾದ ಕೆಲಸವನ್ನು ಕಲಿಕೆಯಲ್ಲಿದ್ದವರಿಗೆ ಬಿಟ್ಟರೆಂಬುದು ದೂರಿನ ಮುಖ್ಯಾಂಶ. ಜಿಲ್ಲಾ ವೇದಿಕೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೇಲ್ಮನವಿಗಳು ನಡೆದು ಸರ್ವೋಚ್ಚ ನ್ಯಾಯಾಲಯವು ಅದನ್ನು ಹತ್ತು ಲಕ್ಷಕ್ಕೆ ಏರಿಸಿದ್ದು 2024ರಲ್ಲಿ. ದೂರು ಕೊಟ್ಟವರು 2015ರಲ್ಲಿಯೇ ತೀರಿಕೊಂಡಿದ್ದರು. ನ್ಯಾಯ ಸಿಕ್ಕಿತೇ ಎಂದರೆ ಸಿಕ್ಕಿತು. ಯಾರಿಗೆ ಎಂದರೆ ಉತ್ತರ ಕಷ್ಟ.

ಇನ್ನೊಂದು ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯದು. 1990ರಲ್ಲಿ ಇಪ್ಪತ್ತು ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಎದೆಯಲ್ಲಿದ್ದ ಗೆಡ್ಡೆಯನ್ನು ತೆಗೆದರು. ಅದು ಬೆನ್ನುಹುರಿಯ ಸಮೀಪದ್ದಾಗಿದ್ದರೂ ನರಶಸ್ತ್ರತಜ್ಞರನ್ನು ಮೊದಲು ಕೇಳಿರಲಿಲ್ಲ. ಪರೀಕ್ಷೆಗಾಗಿ ತುಣುಕು ತೆಗೆಯಲು ಕೊಟ್ಟ ಒಪ್ಪಿಗೆಯ ಮೇಲೆ ಇಡೀ ಗೆಡ್ಡೆಯನ್ನು ತೆಗೆದಿದ್ದರು. ಹುಡುಗ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಆ ವೇಳೆಗೆ ನಡುವಯಸ್ಸಿಗೆ ಸಮೀಪಿಸಿದ್ದ ಆತ ತನ್ನ ಪರವಾಗಿ ತಾನೇ ವಾದಿಸಿದ್ದ.

ಪರಿಹಾರದ ಲೆಕ್ಕದ ಬಗೆಗೆ ಇಲ್ಲಿಯೇ ಒಂದು ಮಾತು. ಕಲ್ಕತ್ತೆಯ ಆಸ್ಪತ್ರೆಯೊಂದರ ಚಿಕಿತ್ಸೆಯ ತರುವಾಯ 1998ರಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಪ್ರಕರಣದಲ್ಲಿ 2013ರಲ್ಲಿ ಸುಮಾರು ಆರು ಕೋಟಿ ರೂಪಾಯಿ ನಿಗದಿಯಾಯಿತು. ಅದರಲ್ಲಿ ಬಹುಪಾಲು, ಅವರು ಬದುಕಿದ್ದರೆ ಅಮೆರಿಕೆಯಲ್ಲಿ ಗಳಿಸಬಹುದಾಗಿದ್ದ ವರಮಾನದ ನಷ್ಟ. ನ್ಯಾಯಾಧೀಶರಿಗೆ ಬೇರೆ ಅಳತೆಗೋಲಿಲ್ಲವೆಂಬುದನ್ನು ಬಲ್ಲೆವು. ಆದರೂ ಯಲಹಂಕದ ಆಚೆಯ ಆ ತಾಯಿಯ ವಾರ್ಷಿಕ ವರಮಾನವೆಷ್ಟು? ಎರಡು ಹಸುಗಳ ಹಾಲು. ಗಳಿಕೆಯಿಂದ ದೇಹದ ಬೆಲೆ ಕಟ್ಟುವುದು ಹಮ್ಮುರಬಿಯ ಊರಿನಿಂದ ನಾವು ಬಹಳ ದೂರ ಬಂದಿದ್ದೇವೆಯೇ ಎಂಬ ಅನುಮಾನವನ್ನು ಹುಟ್ಟಿಸುತ್ತದೆ.

ವೈದ್ಯರ ಪಕ್ಷವನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ರೋಗಿ ಸತ್ತನೆಂದು ಆಸ್ಪತ್ರೆಯ ಗಾಜು ಒಡೆಯುವುದು, ಎಳೆಯ ವೈದ್ಯರ ಮೇಲೆ ಕೈ ಮಾಡುವುದು ನಮ್ಮಲ್ಲಿ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, 2009ರಲ್ಲಿ ಕರ್ನಾಟಕವು ವೈದ್ಯಕೀಯ ಸಿಬ್ಬಂದಿಯ ಮೇಲಣ ಹಿಂಸಾಚಾರವನ್ನು ತಡೆಯಲೆಂದೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಇದು ನಾಚಿಕೆಗೇಡು. ರಾತ್ರಿಯಿಡೀ ನಿದ್ರೆಗೆಟ್ಟು ದುಡಿಯುವ ಹುಡುಗನೊಬ್ಬನ ಕಪಾಳಕ್ಕೆ ಹೊಡೆದರೆ ಸತ್ತವರು ಎದ್ದು ಬರುವುದಿಲ್ಲ. ದಾವೆಯ ಭಯದಿಂದ ವೈದ್ಯರು ಬೇಕಿಲ್ಲದ ಪರೀಕ್ಷೆಗಳನ್ನು ಬರೆಯುತ್ತಾರೆ, ಕಷ್ಟದ ರೋಗಿಗಳನ್ನು ಬೇರೆ ಕಡೆಗೆ ಸಾಗಹಾಕುತ್ತಾರೆ ಎಂಬುದೂ ನಿಜ; ಅದರ ವೆಚ್ಚವೂ ಕಡೆಗೆ ಬಡವನ ತಲೆಯ ಮೇಲೆಯೇ ಬೀಳುತ್ತದೆ. ಮೇಲೆ ಹೇಳಿದ ಶಸ್ತ್ರವೈದ್ಯರು ಒಂದು ಮಾತು ಹೇಳಿದರು: “ತಪ್ಪಾದ ದಿನ ರೋಗಿಯ ಮನೆಯವರ ಎದುರು ಕುಳಿತು ಎಲ್ಲವನ್ನೂ ಹೇಳಿಬಿಡಬೇಕೆಂದು ನಮಗೂ ಅನಿಸುತ್ತದೆ. ಹಾಗೆ ಹೇಳಿದರೆ ಅದೇ ತಪ್ಪೊಪ್ಪಿಗೆಯಾಗಿ ನಾಳೆ ನಿಮ್ಮ ಕುತ್ತಿಗೆಗೆ ಬರುತ್ತದೆ, ಬಾಯಿ ಬಿಡಬೇಡಿ ಎನ್ನುತ್ತಾರೆ ವಕೀಲರು.” ದಾವೆಗೆ ಹೆದರಿ ವೈದ್ಯನು ಮೌನಿಯಾಗುತ್ತಾನೆ, ಮೌನವನ್ನು ಕಂಡು ರೋಗಿಯು ಮೋಸವೆಂದು ಬಗೆದು ದಾವೆ ಹೂಡುತ್ತಾನೆ. ಇಬ್ಬರೂ ಕೆಟ್ಟವರಾಗಿರದೆಯೇ ಇಬ್ಬರೂ ಶತ್ರುಗಳಾಗುತ್ತಾರೆ.

ಈ ಗಂಟನ್ನು ಬಿಡಿಸಲು ಅಲ್ಲಲ್ಲಿ ಪ್ರಯತ್ನಗಳು ನಡೆದಿವೆ. ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯವು 1986ರಲ್ಲಿ, ಸಂತಾಪದ ಮಾತನ್ನು ನ್ಯಾಯಾಲಯದಲ್ಲಿ ತಪ್ಪಿನ ಸಾಕ್ಷ್ಯವಾಗಿ ಬಳಸಬಾರದೆಂದು ಕಾನೂನು ಮಾಡಿತು. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು 2001ರ ಸುಮಾರಿನಿಂದ ತಮ್ಮ ತಪ್ಪನ್ನು ತಾವೇ ರೋಗಿಗೆ ತಿಳಿಸಿ, ಪರಿಹಾರವನ್ನು ತಾವೇ ಮುಂದಿಡುವ ಪದ್ಧತಿಯನ್ನು ಹಿಡಿದರು. ದಾವೆಗಳು ಹೆಚ್ಚುತ್ತವೆಂದು ಹೆದರಿದ್ದವರಿಗೆ ಅವು ಕಡಿಮೆಯಾದದ್ದು ಆಶ್ಚರ್ಯವನ್ನುಂಟುಮಾಡಿತು. ಇಂಗ್ಲೆಂಡಿನಲ್ಲಿ 2014ರಿಂದ ಸರ್ಕಾರಿ ಆಸ್ಪತ್ರೆಗಳು ಇಂಥ ಸಂದರ್ಭದಲ್ಲಿ ಸತ್ಯವನ್ನು ತಿಳಿಸಲೇಬೇಕೆಂಬ ಕಟ್ಟಳೆಯಿದೆ. ನಮ್ಮಲ್ಲಿ ಅಷ್ಟು ಇಲ್ಲದಿದ್ದರೂ, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾದಿರಿಸಬೇಕು, ರೋಗಿಯಾಗಲಿ ಅವನು ಒಪ್ಪಿದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂಬ ವಿಧಿ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿಯೇ ಬಂದಿದೆ. ಇದು ಎಷ್ಟು ಮಂದಿ ಭಕ್ತರಿಗೆ ಗೊತ್ತಿದೆಯೋ ಕಾಣೆವು. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ದಿನ ಆ ಹುಡುಗನಿಗೆ ಮೊದಲು ಹೋಗಿ ಕಾಗದಗಳನ್ನು ಕೇಳಿ ತಾ ಎಂದಾದರೂ ಹೇಳುತ್ತಿದ್ದೆವು.

ಈಗ ಕರ್ಮದ ಮಾತಿಗೆ ಬರೋಣ. ಕರ್ಮವೆಂಬ ಪದವನ್ನು ನಾವು ಸಾಮಾನ್ಯವಾಗಿ ಎಲ್ಲಿ ಬಳಸುತ್ತೇವೆಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಮನೆಯಲ್ಲಿ ಕಳವಾದರೆ ಕರ್ಮವೆಂದು ಸುಮ್ಮನಿರುವುದಿಲ್ಲ, ಪೋಲೀಸರಿಗೆ ದೂರು ಕೊಡುತ್ತೇವೆ. ಗದ್ದೆಯ ಬದುವನ್ನು ನೆರೆಯವನು ಒಂದು ಮೊಳ ಒತ್ತಿದರೆ ಸರ್ವೆಯವರನ್ನು ಕರೆಸುತ್ತೇವೆ. ಬಡವನಿಗೆ ಬಲವಂತನಿಂದ ನಷ್ಟವಾದಾಗ ಮಾತ್ರ ನಮಗೆ ಕರ್ಮಸಿದ್ಧಾಂತ ನೆನಪಾಗುತ್ತದೆ. ಅದೂ ಬಲವಂತನಿಗೆ ಉಪದೇಶಿಸಲು ಅಲ್ಲ, ಬಡವನಿಗೆ. ಕರ್ಮವೆಂದರೆ ಮಾಡಿದ ಕೆಲಸ. ಮಾಡಿದವನಿಗೆ ಅದರ ಹೊಣೆ ಅಂಟುತ್ತದೆ ಎಂಬುದೇ ಆ ಸಿದ್ಧಾಂತದ ಜೀವಾಳ. ಕಣ್ಣು ಹಳದಿಯಾಗಿರುವುದನ್ನು ಬರೆದುಕೊಂಡು ರೋಗಿಯನ್ನು ಮನೆಗೆ ಕಳುಹಿಸಿದ್ದೂ ಒಂದು ಕರ್ಮವೇ. ಅದು ಆ ತಾಯಿಯ ಕರ್ಮವಲ್ಲ. ಇಲ್ಲಿ ನಾವು ಕರ್ಮವನ್ನು ಕರ್ತೃವಿನಿಂದ ಬಿಡಿಸಿ, ಅನುಭವಿಸಿದವಳ ತಲೆಗೆ ಕಟ್ಟಿದೆವು. ಆಕೆ ಅದನ್ನು ಹೊತ್ತುಕೊಂಡು ಮೂರು ವರ್ಷ ನಡೆದರು.

ಕ್ಷಮೆಯ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಕ್ಷಮಿಸಬೇಕಾದರೆ ಏನನ್ನು, ಯಾರನ್ನು ಎಂಬುದು ತಿಳಿದಿರಬೇಕು. ಏನಾಯಿತೆಂದೇ ತಿಳಿಯದವನು ಕ್ಷಮಿಸಲಾರ. ಅವನು ಸುಮ್ಮನಾಗಬಹುದು, ಅಷ್ಟೆ. ಸುಮ್ಮನಾಗುವುದನ್ನು ಕ್ಷಮೆಯೆಂದು ಕರೆದು ಅದಕ್ಕೆ ಗೌರವ ತೊಡಿಸುವುದು, ಸುಮ್ಮನಿರಿಸಿದವರಿಗೆ ಮಾಡುವ ಉಪಕಾರವೇ ಹೊರತು ನೊಂದವರಿಗಲ್ಲ. ಆ ವೈದ್ಯನ ಪಾಲಿಗೂ ಇದು ಒಳ್ಳೆಯದಾಗಲಿಲ್ಲ. ಸತ್ಯ ಹೇಳಿ ಕ್ಷಮೆ ಪಡೆಯುವ ಅವಕಾಶವು ಅವನಿಗೂ ತಪ್ಪಿತು. ಅಂದು ರಾತ್ರಿ ಅವನಿಗೂ ನಿದ್ರೆ ಬಂದಿತೋ ಇಲ್ಲವೋ, ಬಲ್ಲವರಾರು?

ಹಾಗಾದರೆ ಪ್ರತಿಯೊಬ್ಬರೂ ದಾವೆ ಹೂಡಬೇಕೆನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಚಿಕಿತ್ಸೆ ಫಲಿಸಲಿಲ್ಲವೆಂಬುದೊಂದೇ ಕಾರಣಕ್ಕೆ ದುಡ್ಡು ಕೀಳಲು ಹೊರಡುವವರನ್ನೂ, ಅವರ ಬೆನ್ನು ತಟ್ಟಿ ಪಾಲು ಕೇಳುವ ಮಧ್ಯಸ್ಥರನ್ನೂ ನಾವು ಬಲ್ಲೆವು. ಅಂಥ ದಾವೆ ಸುಲಿಗೆಯೇ ಸರಿ. ಆದರೆ ಎಲ್ಲ ಬಾಗಿಲುಗಳನ್ನೂ ತಟ್ಟಿ, ಏನಾಯಿತೆಂದು ಹೇಳಿ ಎಂದು ಬೇಡಿಕೊಂಡು, ಉತ್ತರ ಸಿಗದೆ ಕಡೆಗೆ ಆಯೋಗಕ್ಕೆ ಅರ್ಜಿ ಕೊಡುವವನು ಹಣಕ್ಕಾಗಿ ಹೋಗುತ್ತಿದ್ದಾನೆಂದು ಹಳಿಯಲು ನಮಗೆ ಅಧಿಕಾರವಿಲ್ಲ. ಕೇಳಿದ ಪ್ರಶ್ನೆಗೆ ಪ್ರಮಾಣಮಾಡಿ ಉತ್ತರ ಹೇಳಲೇಬೇಕಾದ ಸ್ಥಳ ಅದೊಂದೇ ಎಂದು ಅವನು ಅಲ್ಲಿಗೆ ಹೋಗುತ್ತಾನೆ. ಹಣವು ಆ ಪ್ರಶ್ನೆಯನ್ನು ಕಾನೂನು ಅರ್ಥಮಾಡಿಕೊಳ್ಳುವ ಭಾಷೆ. ಬೆಂಗಳೂರಿನಲ್ಲಿ ರಾಜ್ಯ ಗ್ರಾಹಕ ಆಯೋಗ ನೆಲೆಗೊಂಡದ್ದು ಬಸವಭವನವೆಂಬ ಕಟ್ಟಡದಲ್ಲಿ. ಆಕಸ್ಮಿಕವೇ ಇರಬಹುದು, ಆದರೆ ಅಲ್ಲಿಗೆ ಹೋಗುವುದು ಭಕ್ತರಿಗೆ ತಕ್ಕದ್ದಲ್ಲವೆಂದು ಹೇಳಿದ್ದ ನಮಗೆ ಆ ಹೆಸರು ಈಗ ಚುಚ್ಚುತ್ತದೆ. ಆ ಬಾಗಿಲು ತೆರೆದಿರುವುದು ಎರಡು ವರ್ಷ. ತಡವನ್ನು ಮನ್ನಿಸಲು ತಕ್ಕ ಕಾರಣವನ್ನು ತೋರಿಸಬೇಕು. ಸ್ವಾಮಿಗಳು ಬೇಡವೆಂದರು ಎಂಬುದು ತಕ್ಕ ಕಾರಣವಾದೀತೆ?

ಒಪ್ಪಿಗೆಪತ್ರದ ಬಗೆಗೂ ಹೇಳಬೇಕಾಗಿದೆ. ಆ ತಾಯಿಯೂ ಒಂದು ಕಾಗದಕ್ಕೆ ರುಜು ಹಾಕಿದ್ದರು, ಅದು ಇಂಗ್ಲಿಷಿನಲ್ಲಿತ್ತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಪ್ರಕರಣವೊಂದರಲ್ಲಿ, ಪರೀಕ್ಷೆಗೆಂದು ಒಪ್ಪಿ ಮಲಗಿದ ಮಹಿಳೆಗೆ ಎಚ್ಚರವಿಲ್ಲದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆದದ್ದು ಸರಿಯಲ್ಲವೆಂದಿತು. ಒಪ್ಪಿಗೆಯೆಂದರೆ ಬೇಕಾದಷ್ಟನ್ನು ತಿಳಿದು ಕೊಟ್ಟದ್ದಾಗಿರಬೇಕೆಂಬುದು ಆ ತೀರ್ಪಿನ ಸಾರ. ಸುಶ್ರುತನು ಹೇಳಿದ್ದೂ ಅದೇ. ಅರಸನ ಸ್ಥಾನದಲ್ಲಿ ಇಂದು ರೋಗಿಯೇ ಕುಳಿತಿದ್ದಾನೆ. ಓದಲು ಬಾರದ ಭಾಷೆಯ ಕಾಗದದ ಮೇಲಿನ ರುಜುವಿನಿಂದ ವೈದ್ಯನಿಗೆ ರಕ್ಷಣೆಯೂ ಇಲ್ಲ, ರೋಗಿಗೆ ತಿಳಿವಳಿಕೆಯೂ ಇಲ್ಲ. ಸಾವಿರಕ್ಕೆ ಮೂರು ನಾಲ್ಕು ಮಂದಿಗೆ ಹೀಗಾಗಬಹುದು, ಹೀಗೆ ಹೀಗೆ ಕಂಡರೆ ತಡಮಾಡದೆ ಬನ್ನಿ ಎಂದು ಕನ್ನಡದಲ್ಲಿ ಹೇಳಿದ್ದರೆ ಆ ಮನೆಯವರು ವಾಯುವೆಂಬ ಮಾತನ್ನು ಎರಡು ಸಲ ನಂಬುತ್ತಿರಲಿಲ್ಲ.

ಇದನ್ನೆಲ್ಲ ಹೊರಗಿನವರಿಗೆ ಮಾತ್ರ ಹೇಳಿ ಮುಗಿಸುವಂತಿಲ್ಲ. ನಮ್ಮ ಮಠಗಳೂ ಆಸ್ಪತ್ರೆಗಳನ್ನು ನಡೆಸುತ್ತಿವೆ. ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು 1984ರಲ್ಲಿ ಆರಂಭವಾಯಿತು. ಆ ಬಳಿಕ ಬೇರೆ ಕಡೆಗಳಲ್ಲಿಯೂ ಆಗಿವೆ. ಅವುಗಳಿಂದ ನಾಡಿಗಾದ ಉಪಕಾರ ಸಣ್ಣದಲ್ಲ. ಆದರೆ ಧರ್ಮಾರ್ಥವೆಂಬ ಹೆಸರಿರುವ ಕಡೆ ಪ್ರಶ್ನೆ ಕೇಳಲು ಜನ ಇನ್ನಷ್ಟು ಹಿಂಜರಿಯುತ್ತಾರೆ. ಸ್ವಾಮಿಗಳ ಆಸ್ಪತ್ರೆಯ ಮೇಲೆ ದೂರು ಹೇಳುವುದು ಪಾಪವೆಂದು ಎಣಿಸುವವರುಂಟು. ಕಾಯಕವೆಂದು ಮಾಡಿದ ಕೆಲಸದಲ್ಲಿ ತಪ್ಪು ನಡೆದರೆ ಆ ತಪ್ಪನ್ನು ಹೇಳುವುದೂ ಕಾಯಕದ ಭಾಗವೇ. ಶಸ್ತ್ರಚಿಕಿತ್ಸೆಯಲ್ಲಿ ತೊಡಕಾದ ಪ್ರತಿ ಸಂದರ್ಭದಲ್ಲಿಯೂ ಹಿರಿಯ ವೈದ್ಯರೊಬ್ಬರು ಮನೆಯವರ ಎದುರಿಗೆ ಕುಳಿತು, ಅವರ ಭಾಷೆಯಲ್ಲಿ ಎಲ್ಲವನ್ನೂ ತಿಳಿಸಿ, ಕಾಗದಗಳ ಪ್ರತಿಯನ್ನು ಕೇಳುವ ಮುನ್ನವೇ ಕೈಯಲ್ಲಿಡುವ ಪದ್ಧತಿಯನ್ನು ಮಠಗಳ ಆಸ್ಪತ್ರೆಗಳು ಮೊದಲು ಆರಂಭಿಸಬಹುದು. ಇದಕ್ಕೆ ಸರ್ಕಾರದ ಕಾನೂನು ಬೇಕಾಗಿಲ್ಲ. ಒಂದೆರಡು ದಾವೆಗಳಲ್ಲಿ ಸೋಲಬೇಕಾಗಿ ಬಂದರೆ ಸೋಲೋಣ.

ಶಸ್ತ್ರವೈದ್ಯರು ಕಾಗದ ಓದಿ ಹೇಳಿದ ಮೇಲೆ ನಾವು ಆ ಮನೆಗೆ ಹೋಗಿ, ನಮ್ಮ ಸಲಹೆ ತಪ್ಪಾಗಿತ್ತೆಂದು ಆ ಗೃಹಸ್ಥರ ಎದುರಿನಲ್ಲಿಯೂ ಮಗನ ಎದುರಿನಲ್ಲಿಯೂ ಹೇಳಿ ಬಂದೆವು. ತಂದೆ, “ತಾವು ಹಾಗೆಲ್ಲ ಅನ್ನಬಾರದು ಬುದ್ಧೀ” ಎಂದು ಸಂಕೋಚಪಟ್ಟರು. ಮಗ ಏನೂ ಹೇಳಲಿಲ್ಲ. ಹೊರಡುವಾಗ ಕಾರಿನವರೆಗೆ ಬಂದು, “ಅವ್ವ ಈಗ ರಾತ್ರಿ ನಿದ್ದೆ ಮಾಡ್ತಾಳೆ” ಎಂದ. ಮೊದಲ ಆಸ್ಪತ್ರೆಗೆ ಅವನು ರಿಜಿಸ್ಟರ್ ಅಂಚೆಯಲ್ಲಿ ಒಂದು ಪತ್ರ ಬರೆದಿದ್ದಾನೆ. ಅದರಲ್ಲಿ ಹಣದ ಮಾತಿಲ್ಲ. ಎರಡನೆಯ ಸಲ ಬಂದಾಗ ತನ್ನ ತಾಯಿಯನ್ನು ನೋಡಿದವರು ಯಾರು, ಏಕೆ ಪರೀಕ್ಷೆ ಮಾಡಿಸಲಿಲ್ಲ ಎಂದಷ್ಟೇ ಕೇಳಿದ್ದಾನೆ. ಆ ಪತ್ರದ ಒಂದು ಪ್ರತಿ ನಮ್ಮ ಮೇಜಿನ ಮೇಲಿದೆ. ಉತ್ತರ ಇನ್ನೂ ಬಂದಿಲ್ಲ.